ಕಾಣದ, ಕೇಳದ ಮಗನಿಗೆ ಹೊಸ ಆರೈಕೆದಾರೆ: ಒಂದು ಆಪ್ತಸಲಹೆ ಪ್ರಕರಣ

ಉಡುಪಿ ಜಿಲ್ಲೆಯ ಕಟಪಾಡಿ ಆಸುಪಾಸಿನ 58 ವರ್ಷದ ತಾಯಿಯೊಬ್ಬರು ಮತ್ತು ಅವರ ಮಗನ ಹಗಲಿನ ಆರೈಕೆಗೆಂದು ಬರುವ 23 ವರ್ಷದ ಯುವತಿ ಒಟ್ಟಿಗೇ ನನ್ನ ಬಳಿ ಬಂದರು. ತಾಯಿಯನ್ನು ಇಲ್ಲಿ ಸುಮತಿ ಎಂದೂ, ಯುವತಿಯನ್ನು ರಮ್ಯಾ ಎಂದೂ ಕರೆದಿದ್ದೇನೆ. ಗುರುತು ಸಿಗಬಹುದಾದ ಇತರ ವಿವರಗಳನ್ನೂ ಬದಲಿಸಿದ್ದೇನೆ.

ಮಗನಿಗೆ 27 ವರ್ಷ. ಸುಮತಿಯವರು ಗರ್ಭಿಣಿಯಾಗಿದ್ದಾಗ ರುಬೆಲ್ಲಾ ಎಂಬ ವೈರಾಣು ಸೋಂಕು ತಗಲಿದ್ದರಿಂದ ಹುಟ್ಟುವಾಗಲೇ ಅವನಿಗೆ ಕಣ್ಣಿನ ಪೊರೆಯೂ ತೀವ್ರ ಶ್ರವಣದೋಷವೂ ಇದ್ದವು. ಬೌದ್ಧಿಕ ಬೆಳವಣಿಗೆ ತೀರಾ ಕಡಿಮೆ, ಮಾತಿಲ್ಲ. ಊಟ, ಸ್ನಾನ, ಶೌಚ ಎಲ್ಲಕ್ಕೂ ಇನ್ನೊಬ್ಬರ ಕೈ ಬೇಕು. ರಮ್ಯಾ ಆರೈಕೆಯ ತರಬೇತಿ ಮುಗಿಸಿ ಈ ಕೆಲಸಕ್ಕೆ ಸೇರಿದ್ದರು. ಊಟ ಮಾಡಿಸಲು ಹೋದಾಗಲೆಲ್ಲ ಅವನು ಮುಂಗೈ ಪರಚುತ್ತಿದ್ದ, ತಟ್ಟೆ ತಳ್ಳುತ್ತಿದ್ದ. “ಕಲಿತದ್ದು ಯಾವುದೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ ಮೇಡಂ, ನಾನು ಬಿಡ್ತೇನೆ” ಎಂದರು. “ಇವಳಿಗೆ ಕಲಿಸಿದವರು ನನ್ನ ಮಗನನ್ನು ನೋಡಿದ್ದಾರಾ?” ಎಂಬುದು ಸುಮತಿಯವರ ಪ್ರಶ್ನೆ. ಆ ಪ್ರಶ್ನೆಯಲ್ಲಿ ಸಿಟ್ಟಿದ್ದರೂ, ಪ್ರಕರಣದ ತಿರುಳು ಇರುವುದು ಅದರಲ್ಲೇ ಎಂದು ನನಗನಿಸಿತು.

ಇಬ್ಬರ ಒಪ್ಪಿಗೆ ಪಡೆದು ಮನೆಗೆ ಹೋಗಿ ಒಂದು ಹೊತ್ತಿನ ಊಟವನ್ನು ನೋಡಿದೆ. ಸುಮತಿಯವರದು ಮಲ್ಲಿಗೆ ಕೃಷಿ. ನಸುಕಿನಲ್ಲಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂ ಮಾರಾಟವಾಗುವ ಕಟ್ಟೆಗೆ ಕಳುಹಿಸುತ್ತಾರೆ. ಮಲ್ಲಿಗೆಯ ಪರಿಮಳ ಹತ್ತಿರ ಬಂದೊಡನೆ ಮಗ ಬಾಯಿ ತೆರೆಯುತ್ತಾನೆ. ರಮ್ಯಾ ಬಂದಾಗ ಅವನ ಮುಖ ಬಲಗಡೆಗಿತ್ತು. ಅವರು ಎಡಗಡೆಯಿಂದ ಚಮಚವನ್ನು ನೇರವಾಗಿ ತುಟಿಗೆ ತಾಗಿಸಿದರು. ಅವರ ಮುಡಿಯಲ್ಲೂ ಸುಮತಿಯವರೇ ಪ್ರೀತಿಯಿಂದ ಮುಡಿಸಿದ್ದ ಮಲ್ಲಿಗೆಯಿತ್ತು. ತಾಯಿ ಬಂದರೆಂದು ಬಾಯಿ ತೆರೆದವನಿಗೆ ಪರಿಚಯವಿಲ್ಲದ ಕೈ ತಾಗಿದಾಗ ಪರಚದೆ ಬೇರೆ ಯಾವ ರೀತಿಯಲ್ಲಿ ಬೇಡವೆನ್ನಲು ಸಾಧ್ಯ? ಇದು ನನ್ನ ಊಹೆ. ಆದರೆ ಸಲಹೆಯನ್ನು ಇಲ್ಲಿಂದಲೇ ಆರಂಭಿಸಿದೆ.

ಕೆಲಸದ ಹೊತ್ತಿನಲ್ಲಿ ಮಲ್ಲಿಗೆ ಮುಡಿಯಬಾರದೆಂದೂ, ಒರಟು ನೂಲಿನ ಒಂದು ಪಟ್ಟಿಯನ್ನು ದಿನವೂ ಅದೇ ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕೆಂದೂ ರಮ್ಯಾಗೆ ಹೇಳಿದೆ. ಬಂದೊಡನೆ ಅವನ ಭುಜ ಮುಟ್ಟಿ, ಆ ಪಟ್ಟಿಯನ್ನು ಅವನ ಬೆರಳಿಗೆ ಸಿಗುವಂತೆ ಇರಿಸಿ, ಅವನು ತಡವಿ ನೋಡುವವರೆಗೂ ಕಾಯಬೇಕು. ಈ ಕಾಯುವಿಕೆ ನಮಗೆ ಬೇಸರ ತರಿಸುವಷ್ಟು ದೀರ್ಘವಾಗಿರಬಹುದು. ಕಣ್ಣು, ಕಿವಿ ಎರಡೂ ಸಹಾಯಕ್ಕೆ ಬಾರದವನಿಗೆ ಸ್ಪರ್ಶದ ಅರ್ಥವನ್ನು ಕೂಡಿಸಿಕೊಳ್ಳಲು ಅಷ್ಟು ಹೊತ್ತು ಬೇಕು. ಯಾವ ಕೆಲಸಕ್ಕೂ ಮೊದಲು ಅದರ ವಸ್ತುವನ್ನು ಕೈಗೆ ಕೊಡಬೇಕು: ಸ್ನಾನಕ್ಕೆ ಬೈರಾಸು (ಟವೆಲ್), ಊಟಕ್ಕೆ ಅವನದೇ ಚಮಚ, ಎಂದಿಗೂ ಅವೇ. ಅವನ ಕೈಯನ್ನು ಹಿಡಿದು ಎಳೆಯದೆ, ನಮ್ಮ ಕೈಯನ್ನು ಅವನ ಕೈಯ ಅಡಿಗಿಟ್ಟು ವಸ್ತುವಿನತ್ತ ಒಯ್ದರೆ, ಬೇಡವೆನಿಸಿದಾಗ ಕೈ ಹಿಂತೆಗೆಯುವ ಸ್ವಾತಂತ್ರ್ಯ ಅವನಲ್ಲಿಯೇ ಉಳಿಯುತ್ತದೆ. ಇವು ರಮ್ಯಾ ತರಗತಿಯಲ್ಲಿ ಕೇಳಿದ್ದ ಸಂಗತಿಗಳೇ. ಈ ಒಬ್ಬನಿಗೆ ಹೊಂದಿಸಿಕೊಳ್ಳುವುದನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಅದನ್ನು ಹೇಳಿಕೊಡಬಲ್ಲವರು ಸುಮತಿಯವರೇ. ಮಗನ ಯಾವ ಸದ್ದು ಹಸಿವಿನದು, ಯಾವುದು ಹೊಟ್ಟೆನೋವಿನದು ಎಂದು ಅವರಿಗೆ ಗೊತ್ತು, ಆದರೆ ಅದು ಎಲ್ಲಿಯೂ ಬರಹದಲ್ಲಿಲ್ಲ. ಒಂದು ನೋಟ್‌ಪುಸ್ತಕದಲ್ಲಿ ಅವರು ಹೇಳಿದಂತೆಯೇ ರಮ್ಯಾ ಬರೆದುಕೊಳ್ಳುವುದು, ಅವರು ಉಣ್ಣಿಸುವುದನ್ನು ಮೊಬೈಲಿನಲ್ಲಿ ಚಿತ್ರಿಸಿ ಇಬ್ಬರೂ ಕೂತು ನೋಡುವುದು ಎಂದು ತೀರ್ಮಾನವಾಯಿತು. ಆರಂಭದಲ್ಲಿ ಊಟ, ಸ್ನಾನದ ಹೊಣೆ ರಮ್ಯಾಗೆ ಬೇಡವೆಂದೆ. ಹತ್ತಿರ ಕೂತು, ಅವನು ಮೇಜು ತಟ್ಟಿದರೆ ತಾನೂ ತಟ್ಟಿ, ನಿಲ್ಲಿಸಿದರೆ ತಾನೂ ನಿಲ್ಲಿಸಿದರೆ ಸಾಕು. ಇಂಗ್ಲೆಂಡಿನಲ್ಲಿ 1980ರ ದಶಕದಲ್ಲಿ ಡೇವ್ ಹ್ಯೂಯೆಟ್ ಮತ್ತು ಮೆಲನಿ ನಿಂಡ್ ರೂಪಿಸಿದ, ಮಾತಿಲ್ಲದವರೊಡನೆ ಸಂವಹನ ಬೆಳೆಸುವ ‘ಇಂಟೆನ್ಸಿವ್ ಇಂಟರಾಕ್ಷನ್’ ಪದ್ಧತಿಯ ಮೂಲವೂ ಇಂತಹ ಅನುಕರಣೆಯೇ. ಉಣ್ಣಿಸುವುದು ಕಡೆಗೆ, ಆಗಲೂ ಬೆನ್ನು ನೆಟ್ಟಗಿರಬೇಕು, ನುಂಗಿದ್ದು ಖಚಿತವಾದ ಮೇಲೆಯೇ ಮುಂದಿನ ತುತ್ತು, ಊಟದ ನಂತರ ಅರ್ಧ ಗಂಟೆ ಮಲಗಿಸಬಾರದು. ಅನ್ನ ಶ್ವಾಸನಾಳಕ್ಕೆ ಇಳಿಯುವ ಅಪಾಯ ಇಂಥವರಲ್ಲಿ ಹೆಚ್ಚು.

ಸಂಜೆ ಅವನು ಬಲಗಿವಿಗೆ ಹೊಡೆದುಕೊಳ್ಳುವುದನ್ನು ಮನೆಯವರು ಹಠವೆಂದು ಬಿಟ್ಟಿದ್ದರು. ನೋವನ್ನು ಹೇಳಲಾಗದವನ ಹೊಸ ವರ್ತನೆಯನ್ನು ಸ್ವಭಾವವೆನ್ನುವ ಮೊದಲು ಕಿವಿ, ಹಲ್ಲು, ಮಲಬದ್ಧತೆ ಮೂರನ್ನೂ ವೈದ್ಯರು ನೋಡಲಿ ಎಂದೆ. ಕಿವಿಯಲ್ಲಿ ಗಟ್ಟಿಯಾದ ಗುಗ್ಗೆಯಿತ್ತು. ತೆಗೆಸಿದ ಮೇಲೆ ಹೊಡೆತ ಬಹುಮಟ್ಟಿಗೆ ನಿಂತಿತು.

ಒಬ್ಬರೇ ಇದ್ದಾಗ ಸುಮತಿಯವರು ಇದು ತನ್ನ ಕರ್ಮವೇ ಎಂದು ಕೇಳಿದರು. ರುಬೆಲ್ಲಾ ಒಂದು ವೈರಾಣು, ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದದ್ದೇ 2017ರಲ್ಲಿ, ಇದರಲ್ಲಿ ಅವರ ತಪ್ಪೇನೂ ಇಲ್ಲ ಎಂದು ಎರಡೆರಡು ಬಾರಿ ಹೇಳಬೇಕಾಯಿತು. ಮಗನಿಗೆ 18 ತುಂಬಿದ ಮೇಲೆ ತಾಯಿ ತಾನಾಗಿಯೇ ಕಾನೂನುಬದ್ಧ ಪಾಲಕಿಯಾಗಿ ಉಳಿಯುವುದಿಲ್ಲ ಎಂಬುದು ಅವರಿಗೆ ತಿಳಿದಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಪಾಲಕತ್ವಕ್ಕಾಗಿ ಅರ್ಜಿ ಸಲ್ಲಿಸುವಂತೆ ಸೂಚಿಸಿ, ಅರ್ಜಿ ತುಂಬಲು ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಲು ಹೇಳಿದೆ.

ಈಗ ರಮ್ಯಾ ಸ್ನಾನ ಮಾಡಿಸುತ್ತಾರೆ, ಮಧ್ಯಾಹ್ನ ಉಣ್ಣಿಸುತ್ತಾರೆ. ರಾತ್ರಿಯ ಗಂಜಿ ಮಾತ್ರ ಇಂದಿಗೂ ತಾಯಿಯ ಕೈಯಿಂದಲೇ ಆಗಬೇಕು. ಬೆಂಗಳೂರಿನ ಹಿರಿಯ ಮಗ ತಮ್ಮನನ್ನು ವಸತಿ ಕೇಂದ್ರಕ್ಕೆ ಸೇರಿಸುವ ಯೋಚನೆಯನ್ನು ಬಿಟ್ಟಿಲ್ಲ. ಅದು ಕುಟುಂಬದ ನಿರ್ಧಾರ. ಸೇರಿಸುವುದೇ ಆದರೆ ಮೊದಲು ಹಗಲಿನ ಭೇಟಿಗಳಾಗಲಿ, ನೋಟ್‌ಪುಸ್ತಕವೂ ಚಮಚವೂ ಜೊತೆಗೆ ಹೋಗಲಿ, ಅಲ್ಲಿ ಒಬ್ಬನಿಗೆ ಎಷ್ಟು ಮಂದಿ ಆರೈಕೆದಾರರು ಬದಲಾಗುತ್ತಾರೆಂದು ಕೇಳಿ ತಿಳಿದುಕೊಳ್ಳಲಿ ಎಂದು ಅವರಿಗೆ ಫೋನಿನಲ್ಲಿ ಹೇಳಿದ್ದೇನೆ.