ಚಕ್ಕಡಿ ಕೇಕಿನ ಕೂಲಿ

ಈ ತಿಂಗಳ ಪತ್ರ ಹುಬ್ಬಳ್ಳಿಯ ವಿದ್ಯಾನಗರದಿಂದ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಬರೆದವರು ಮನೆಯಲ್ಲೇ ಆರ್ಡರ್ ಮೇಲೆ ಕೇಕ್ ಮಾಡುತ್ತಾರೆ. ಧಾರವಾಡದ ಒಂದು ಮನೆಗೆ, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ, 2 ಕೆಜಿಯ ಕೇಕ್ ಮಾಡಿಕೊಟ್ಟರು. ಮೇಲೆ ಫಾಂಡೆಂಟ್ ಎಂಬ ಸಕ್ಕರೆ ಕಣಕದಲ್ಲಿ ಮಾಡಿದ ಚಕ್ಕಡಿ, ಕಾರಹುಣ್ಣಿಮೆಗೆ ಸಿಂಗರಿಸಿದ ಜೋಡೆತ್ತು. 1,600 ರೂಪಾಯಿ ಹೇಳಿದರು. "ಬೇಕರ್‍ಯಾಗ ಕೆಜಿಗೆ 500ಕ್ಕ ಸಿಗ್ತದ, ನೀವ್ಯಾಕ ಇಷ್ಟು ಹೇಳ್ತೀರಿ?" ಎಂದು ಗಿರಾಕಿ ಮುಖ ಸಣ್ಣ ಮಾಡಿಕೊಂಡೇ ದುಡ್ಡು ಕೊಟ್ಟರಂತೆ. ಈಗ ಅದೇ ಮನೆಯವರು ತಮ್ಮನ ಮಗನಿಗೂ ಅಂಥದ್ದೇ ಕೇಕ್ ಬೇಕು ಎಂದಿದ್ದಾರೆ. "ನಾನು ಜಾಸ್ತಿ ಹೇಳ್ತಾ ಇದ್ದೀನಾ? ಈ ಸಲ ಎಷ್ಟು ಹೇಳಲಿ?" ಇದು ಪ್ರಶ್ನೆ.

ಪ್ರಿಯ ಸಹೋದರಿ,

ನೀವು ಜಾಸ್ತಿ ಹೇಳಲಿಲ್ಲ. ಬಹಳ ಕಡಿಮೆ ಹೇಳಿದಿರಿ.

ನಿಮ್ಮ ಲೆಕ್ಕವನ್ನೇ ಮುಂದಿಟ್ಟುಕೊಂಡು ಕೂತೆ. ಮೈದಾ, ಸಕ್ಕರೆ, ಬೆಣ್ಣೆ, ಕ್ರೀಮು, ಫಾಂಡೆಂಟು, ಜೆಲ್ ಬಣ್ಣ, ಬೋರ್ಡು, ಬಾಕ್ಸು ಎಲ್ಲ ಸೇರಿ 980 ರೂಪಾಯಿ. "620 ಉಳಿಯಿತು" ಎಂದು ಬರೆದಿದ್ದೀರಿ. ಆದರೆ ಎರಡು ಪ್ಯಾರಾ ಕೆಳಗೆ, ಚಿಗರಿ ಬಸ್ಸಿನ ನೂಕುನುಗ್ಗಲಲ್ಲಿ ಒಯ್ಯಲು ಧೈರ್ಯ ಬರದೆ ಆಟೋ ಮಾಡಿಕೊಂಡು ಹೋದೆ, 400 ಆಯಿತು ಎಂದೂ ಬರೆದಿದ್ದೀರಿ. ಅಲ್ಲಿಗೆ ಉಳಿದದ್ದು 220. ಕೆಲಸಕ್ಕೆ ಹಿಡಿದದ್ದು ಒಟ್ಟು 11 ಗಂಟೆ. ಗಂಟೆಗೆ 20 ರೂಪಾಯಿ ಬಿತ್ತು. ಹೆಸ್ಕಾಂನ ಕರೆಂಟ್ ಬಿಲ್ಲು ಇನ್ನೂ ಇದರಲ್ಲಿ ಸೇರಿಲ್ಲ. ನಡುವೆ ಕರೆಂಟ್ ಹೋಗಿ ಕುಸಿದ ಮೊದಲ ಸ್ಪಂಜೂ ಸೇರಿಲ್ಲ.

ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಚಕ್ರಕ್ಕೆ ಹನ್ನೆರಡು ಕಡ್ಡಿ. ಎತ್ತಿನ ಕೊಂಬಿಗೆ ಬಣ್ಣ, ಬೆನ್ನ ಮೇಲೆ ಅಂಚಿರುವ ಝೂಲ, ಕೊರಳಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಗೆಜ್ಜೆ. ಚಕ್ರ ಭಾರ ತಡೆಯಬೇಕೆಂದರೆ ಎರಡು ದಿನ ಮೊದಲೇ ಮಾಡಿ ಒಣಗಿಸಬೇಕು. ಮಳೆ ಹಿಡಿದರೆ ಫಾಂಡೆಂಟ್ ಒಣಗುವುದೇ ಇಲ್ಲ, ಮೆತ್ತಗಾಗಿ ವಾಲುತ್ತದೆ. ಇದನ್ನೆಲ್ಲ ನೀವು ಬಲ್ಲಿರಿ. ನಿಮ್ಮ ಗಿರಾಕಿಗೆ ಗೊತ್ತಿಲ್ಲ. ಅವರಿಗೆ ಕಂಡದ್ದು ತಯಾರಾದ ಕೇಕು ಮತ್ತು ಅದರ ತೂಕ. ಅದಕ್ಕೇ ಅವರ ಮೇಲೆ ನನಗೆ ಸಿಟ್ಟಿಲ್ಲ. ಕೆಜಿಗೆ ಎಷ್ಟು ಎಂದು ಕೇಳಿದಾಗ ನೀವೂ ಕೆಜಿಯಲ್ಲೇ ಉತ್ತರ ಕೊಟ್ಟಿರಿ ಅಲ್ವಾ?

ಬೇಕರಿಯವರೂ ಮೋಸ ಮಾಡುತ್ತಿಲ್ಲ. ಅವರು ಒಂದೇ ಸಲಕ್ಕೆ ಹತ್ತಾರು ಸ್ಪಂಜು ಬೇಯಿಸುತ್ತಾರೆ, ಸಾಮಾನು ಹೋಲ್‌ಸೇಲ್ ತರುತ್ತಾರೆ, ಒಂದೇ ಡಿಸೈನನ್ನು ದಿನವಿಡೀ ಮಾಡುತ್ತಾರೆ. ಅಲ್ಲಿ ಕೆಜಿ ಲೆಕ್ಕ ಸರಿ. ನಿಮ್ಮದು ಒಂದೇ ಮಗುವಿಗೆ, ಒಂದೇ ಸಲ ಮಾಡಿದ ಕೇಕು.

ಝಂಪರ್ ಹೊಲಿಸುವಾಗ ನಾವು ಹೇಗೆ ದುಡ್ಡು ಕೊಡುತ್ತೇವೆ ನೋಡಿ. ಬಟ್ಟೆಯ ರೇಟು ಬೇರೆ, ಹೊಲಿಗೆ ಬೇರೆ. ಹಿಂದೆ ಲಾಡಿ, ತೋಳಿಗೆ ವರ್ಕ್ ಎಂದರೆ ಹೊಲಿಗೆ ಏರುತ್ತದೆ. ಅಷ್ಟೇ ಮೀಟರ್ ಬಟ್ಟೆಗೆ ಯಾಕಿಷ್ಟು ಎಂದು ಯಾರೂ ಜಗಳ ತೆಗೆಯುವುದಿಲ್ಲ. ಹಾವೇರಿಯ ಏಲಕ್ಕಿ ಹಾರ ಕೊಳ್ಳುವವರು ಎಷ್ಟು ಎಳೆಗಳದ್ದು ಎಂದು ಕೇಳುತ್ತಾರೆ. ತಕ್ಕಡಿಗೆ ಹಾಕಿ ಏಲಕ್ಕಿಯ ರೇಟು ಕಟ್ಟುವುದಿಲ್ಲ.

ಒಂದು ಮನೆಯ ಮಾತು ಹೇಳುತ್ತೇನೆ. ನಮ್ಮವ್ವ ಇಳಕಲ್ ಸೀರೆಗೆ ಕಸೂತಿ ಹಾಕುತ್ತಿದ್ದಳು. ಕಸೂತಿಗೆ ಬಟ್ಟೆಯ ಮೇಲೆ ಗುರುತು ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗಾವಂತಿ ಹೊಲಿಗೆಯಲ್ಲಿ ಒಂದು ಸಾಲು ಬಿಟ್ಟು ಬಿಟ್ಟು ಹೋಗಿ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬಬೇಕು. ಗಂಟು ಕಾಣಬಾರದು, ಎರಡೂ ಮಗ್ಗುಲು ಒಂದೇ ಥರ ಇರಬೇಕು. ಒಂದು ಎಳೆ ತಪ್ಪಿದರೂ ಗೋಪುರದ ಚಿತ್ತಾರ ಸೊಟ್ಟ. ಕಿಟಕಿಯ ಬೆಳಕಿಗೆ ಸೀರೆ ಹಿಡಿದು, ತುಟಿ ಅಲ್ಲಾಡಿಸುತ್ತ ಎಣಿಸುತ್ತಿದ್ದಳು. ಆಗ ನಾವು ಮಾತಾಡಿಸುವಂತಿರಲಿಲ್ಲ. ಅಂಗಡಿಯವರು ಬಂದು ಬುಟ್ಟಾ ಎಷ್ಟು, ತೇರು ಎಷ್ಟು ಎಂದು ಎಣಿಸಿ ದುಡ್ಡು ಕೊಟ್ಟು ಹೋಗುತ್ತಿದ್ದರು. "ಹಾಕಿದ್ದಕ್ಕ ರೊಕ್ಕ ಕೊಡ್ತಾರ, ಎಣಿಸಿದ್ದಕ್ಕ ಯಾರ್ ಕೊಡ್ತಾರ?" ಎನ್ನುತ್ತಿದ್ದಳು. ಅವಳು ಒಮ್ಮೆಯೂ ಬಾಯಿಬಿಟ್ಟು ಕೇಳಲಿಲ್ಲ. ಕಡೆಗೆ ಕಣ್ಣು ಮಂಜಾಗಿ ಸೂಜಿ ಬಿಟ್ಟಳು. ನಿಮ್ಮ ಪತ್ರದಲ್ಲಿ "ರಾತ್ರಿ 11ಕ್ಕೆ ವಾಟ್ಸಾಪ್ ಮಾಡಿ ಎತ್ತಿನ ಬಣ್ಣ ಬದಲಿಸಿ ಅಂದರು" ಎಂಬ ಸಾಲು ಓದಿದಾಗ ನನಗೆ ಅವ್ವನ ತುಟಿ ಕಣ್ಣ ಮುಂದೆ ಬಂತು. ಡಿಸೈನ್ ಯೋಚಿಸಿದ್ದು, ಬಣ್ಣ ಕಲಸಿ ನೋಡಿದ್ದು, ಗಿರಾಕಿ ಜೊತೆ ಮಾತಾಡಿದ್ದು, ಕಡೆಗೆ ಜಿಡ್ಡು ಪಾತ್ರೆ ತಿಕ್ಕಿದ್ದು ಎಲ್ಲ ಎಣಿಸಿದ ಕೆಲಸವೇ. ಅದಕ್ಕೂ ರೊಕ್ಕ ಕೇಳಿ.

ಈಗ ಮತ್ತೆ ಲೆಕ್ಕ. ಗಂಟೆಗೆ 100 ರೂಪಾಯಿ ಹಿಡಿಯಿರಿ. ಈ ಕೈಚಳಕಕ್ಕೆ ಅದು ದುಬಾರಿಯಲ್ಲ. 11 ಗಂಟೆಗೆ 1,100. ಸಾಮಾನು 980. ಆಟೋ 400. ಕರೆಂಟು, ಸವೆಯುವ ನಾಜಲ್ಲು, ಕೆಡುವ ಸ್ಪಂಜು, ಇವಕ್ಕೆಲ್ಲ 150. ಒಟ್ಟು 2,630. ಮನೆಯಿಂದ ಮಾರಿದರೂ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಮಾಡಿಸಿಲ್ಲವಾದರೆ ಮೊದಲು ಅದನ್ನು ಮಾಡಿಸಿಕೊಳ್ಳಿ, ಆ ಖರ್ಚನ್ನೂ ವರ್ಷದ ಲೆಕ್ಕಕ್ಕೆ ಸೇರಿಸಿ.

ಕೆಲವು ಗಿರಾಕಿಗಳು ಹೋಗುತ್ತಾರೆ. ಸುಳ್ಳು ಸಮಾಧಾನ ಹೇಳುವುದಿಲ್ಲ. ಆದರೆ ಗಂಟೆಗೆ 20 ರೂಪಾಯಿಗೆ ಬಂದ ಗಿರಾಕಿ ಇನ್ನೂ ನಾಲ್ಕು ಜನರನ್ನು ಅದೇ ರೇಟಿಗೆ ಕರೆತರುತ್ತಾರೆ. ಆ ದಾರಿಯಲ್ಲಿ ಕೆಲಸ ಹೆಚ್ಚುತ್ತದೆ, ಕೈಗೆ ಏನೂ ಹತ್ತುವುದಿಲ್ಲ. ನಿಜವಾಗಿ ಕೈ ಬಿಗಿ ಇರುವವರು ಬಂದರೆ ಕೆಲಸ ಕಡಿಮೆ ಮಾಡಿ, ಕೂಲಿ ಕಡಿಮೆ ಮಾಡಬೇಡಿ. ಚಕ್ಕಡಿ ಬದಲು ಕ್ರೀಮಿನ ಮೇಲೆ ಎರಡು ಎತ್ತಿನ ಚಿತ್ರ ಬಿಡಿಸಿಕೊಡಿ. ಒಂದು ವರ್ಷದ ಮಗುವಿಗೆ ಅದೂ ಖುಷಿಯೇ.

ಬಳಗದವರಿಗೆ ಎಷ್ಟು ಹೇಳಬೇಕು ಎಂದೂ ಪತ್ರದಲ್ಲಿ ಕೇಳಿದ್ದೀರಿ. ಅಕ್ಕನ ಮಗಳಿಗೆ ಪ್ರೀತಿಯಿಂದ ಕೊಡಬೇಕೆನಿಸಿದರೆ ಪೂರ್ತಿ ಉಡುಗೊರೆಯಾಗಿ ಕೊಡಿ. ಇಲ್ಲವೇ ಪೂರ್ತಿ ರೇಟು ತಗೊಳ್ಳಿ. ಅರ್ಧ ರೇಟಿಗೆ ಕೊಟ್ಟರೆ ಉಡುಗೊರೆ ಕೊಟ್ಟ ಹೆಸರೂ ಬರುವುದಿಲ್ಲ, ಮುಂದೆ ಬಳಗವೆಲ್ಲ ಅದನ್ನೇ ನಿಮ್ಮ ರೇಟು ಅನ್ನುತ್ತದೆ.

ಧಾರವಾಡದವರಿಗೆ ಇವತ್ತೇ ಮೆಸೇಜ್ ಹಾಕಿ. ಸಾಮಾನು, ಕೂಲಿ, ಕರೆಂಟು ಇತ್ಯಾದಿ, ಆಟೋ, ನಾಲ್ಕೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಅರ್ಧ ಅಡ್ವಾನ್ಸ್ ಕೇಳಿ. ಎತ್ತು ಮಾಡಲು ಕೂತ ಮೇಲೆ ಅದು ವಾಪಸ್ ಇಲ್ಲ ಎಂದೂ ತಿಳಿಸಿ. ಚೌಕಾಸಿ ಮಾಡಿದರೆ, ಹುಬ್ಬಳ್ಳಿಗೆ ಬಂದು ತಾವೇ ಒಯ್ಯಲಿ, ಆಟೋದ 400 ಬಿಟ್ಟುಬಿಡಿ. ಕೂಲಿಯ 1,100ರಲ್ಲಿ ಒಂದು ರೂಪಾಯಿಯನ್ನೂ ಬಿಡಬೇಡಿ.

– ಸಂಪಾದಕರು