ಉ: ಹೊಸ ಮದರ್‌ಬೋರ್ಡ್ ಹಾಕಿದ ಮೇಲೆ ವಿಂಡೋಸ್ ಬರುತ್ತಿಲ್ಲ

ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಬೋರ್ಡಿನ ಸೆಟ್ಟಿಂಗ್ಸ್ ಪರದೆ) ಹಳೆ ಎಸ್‌ಎಸ್‌ಡಿ (ವಿಂಡೋಸ್ ಇರುವ ಡಿಸ್ಕ್) ಹೆಸರು ಕಾಣಿಸುತ್ತದೆ, ಆದರೆ ವಿಂಡೋಸ್ ಬರದೆ ಪ್ರತಿ ಸಲ ಬಯಾಸ್‌ಗೇ ವಾಪಸ್ ಬರುತ್ತದೆ ಅಂದಿದ್ದೀರಿ ಅಲ್ವಾ, ಹಾಗಿದ್ದರೆ ಸುಮ್ನೆ ರ‍್ಯಾಮ್, ಪ್ರೊಸೆಸರ್ ಬಿಚ್ಚಬೇಡಿ. ಪರದೆ ಮೇಲೆ ಬಯಾಸ್ ಬಂದಿದೆ ಅಂದರೆ ಅವೆಲ್ಲ ಕೆಲಸ ಮಾಡುತ್ತಿವೆ.

ನನಗೆ ಜಾಸ್ತಿ ಅನುಮಾನ ಡಿಸ್ಕಿನ ಮೇಲೆ. ಹಳೆ ಬೋರ್ಡಲ್ಲಿ ವಿಂಡೋಸ್ ಲೆಗಸಿ ಮೋಡಲ್ಲಿ (ಬೂಟ್ ಆಗುವ ಹಳೆ ವಿಧಾನ) ಇನ್‌ಸ್ಟಾಲ್ ಆಗಿದ್ದರೆ ಡಿಸ್ಕ್ ಎಂಬಿಆರ್ (ಡಿಸ್ಕಿನ ಭಾಗಗಳನ್ನು ಗುರುತಿಡುವ ಹಳೆ ಪದ್ಧತಿ) ಆಗಿರುತ್ತದೆ. ಹೊಸ ಬೋರ್ಡ್‌ಗಳು ಸಾಮಾನ್ಯವಾಗಿ ಯುಇಎಫ್‌ಐನಲ್ಲೇ (ಬೂಟ್ ಆಗುವ ಹೊಸ ವಿಧಾನ) ಬೂಟ್ ಆಗುತ್ತವೆ, ಅವಕ್ಕೆ ಎಂಬಿಆರ್ ಬದಲು ಹೊಸ ಪದ್ಧತಿಯಾದ ಜಿಪಿಟಿ ಬೇಕು. ನೋಡೋದು ಸುಲಭ. ವಿಂಡೋಸ್ 10 ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಮೊದಲ ಪರದೆಯಲ್ಲೇ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ, ಕಪ್ಪು ಕಿಟಕಿಯಲ್ಲಿ 'ಡಿಸ್ಕ್‌ಪಾರ್ಟ್', ಆಮೇಲೆ 'ಲಿಸ್ಟ್ ಡಿಸ್ಕ್' ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ. ನಿಮ್ಮ ಡಿಸ್ಕಿನ ಸಾಲಲ್ಲಿ, ಬಲ ತುದಿಯ ಜಿಪಿಟಿ ಕಾಲಂ ಕೆಳಗೆ ನಕ್ಷತ್ರ ಚಿಹ್ನೆ ಇಲ್ಲದಿದ್ದರೆ ಅದು ಎಂಬಿಆರ್.

ಆಗ ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ! ಮೊದಲು ಎಸ್‌ಎಸ್‌ಡಿಯನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ಫೋಟೊ, ಫೈಲುಗಳನ್ನೆಲ್ಲ ಕಾಪಿ ಮಾಡಿಕೊಳ್ಳಿ. ಬಯಾಸ್‌ನಲ್ಲಿ ಸಿಎಸ್‌ಎಂ (ಹಳೆ ಲೆಗಸಿ ವಿಧಾನದಲ್ಲೂ ಬೂಟ್ ಆಗಲು ಬಿಡುವ ಸೆಟ್ಟಿಂಗ್) ಆನ್ ಮಾಡಲು ಬಿಟ್ಟರೆ ಹಳೆ ವಿಂಡೋಸ್ ಹಾಗೇ ಬರಬಹುದು, ಆದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಎಷ್ಟೋ ಹೊಸ ಬೋರ್ಡ್‌ಗಳು ಅದನ್ನು ಬಿಡುವುದೇ ಇಲ್ಲ. ಅದಕ್ಕಿಂತ ಮೈಕ್ರೋಸಾಫ್ಟ್‌ನದೇ 'ಎಂಬಿಆರ್2ಜಿಪಿಟಿ' ಒಳ್ಳೆಯದು, ಫೈಲುಗಳನ್ನು ಅಳಿಸದೆ ಡಿಸ್ಕನ್ನು ಬದಲಿಸುತ್ತದೆ. ಅದರಲ್ಲಿ ಮೊದಲು 'ವ್ಯಾಲಿಡೇಟ್' (ಬದಲಿಸಲು ಆಗುತ್ತದಾ ಅಂತ ಬರೀ ಪರೀಕ್ಷೆ) ಕೊಟ್ಟು ನೋಡಿ, ಪಾಸಾದರೆ ಮಾತ್ರ 'ಕನ್ವರ್ಟ್' (ನಿಜವಾಗಿ ಬದಲಿಸುವುದು) ಕೊಡಿ.

ನಕ್ಷತ್ರ ಇದ್ದರೆ, ಬಯಾಸ್‌ನ ಬೂಟ್ ಪಟ್ಟಿಯಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಇದೆಯಾ ನೋಡಿ ತಿಳಿಸಿ.