ಒಂದೇ ‘ಡಾಕ್’, ಹಲವು ಬೇರು

ಪ್ರಶ್ನೆ: ಮುಂಬಯಿಯ ಕೊಲಾಬಾದ ಸಸೂನ್ ಡಾಕ್‌ನಲ್ಲಿ ಮೀನು ಇಳಿಸುತ್ತಾರೆ, ಕೋರ್ಟಿನಲ್ಲಿ ಆರೋಪಿ ನಿಲ್ಲುವ ಕಟಕಟೆಯೂ ಇಂಗ್ಲಿಷಿನಲ್ಲಿ ಡಾಕ್, ಸಂಬಳ ಕಡಿತಕ್ಕೂ ಅದೇ ಮಾತು. ಇವೆಲ್ಲ ಒಂದೇ ಪದವೇ?
– ಓದುಗರು, ಡೊಂಬಿವಲಿ

ಉತ್ತರ: ಅಲ್ಲ. ಬರೆಯುವ ಅಕ್ಷರಗಳು ಒಂದೇ ಆದರೂ ಇವುಗಳ ಮೂಲ ಬೇರೆ ಬೇರೆ. 1875ರಲ್ಲಿ ಕಟ್ಟಿದ ಸಸೂನ್ ಡಾಕ್‌ನ ಹೆಸರಿನಲ್ಲಿರುವುದು ಹಡಗುಕಟ್ಟೆಯ ಅರ್ಥದ ಪದ. ಅದು ಡಚ್ ನಾವಿಕರ ನುಡಿಯಿಂದ ಹದಿನೈದನೆಯ ಶತಮಾನದ ಸುಮಾರಿಗೆ ಇಂಗ್ಲಿಷಿಗೆ ಬಂದದ್ದು. ಕಟಕಟೆಯ ಕಥೆ ಹೆಚ್ಚು ಸ್ವಾರಸ್ಯಕರ: ಫ್ಲೆಮಿಶ್ ಭಾಷೆಯಲ್ಲಿ ಕೋಳಿ ಅಥವಾ ಮೊಲಗಳನ್ನು ಕೂಡಿಹಾಕುವ ಗೂಡಿಗಿದ್ದ ಹೆಸರನ್ನು ಆರೋಪಿಯನ್ನು ನಿಲ್ಲಿಸುವ ಜಾಗಕ್ಕೆ ಅಂಟಿಸಿದ್ದು ಬಹುಶಃ ಕಳ್ಳಕಾಕರ ಗುಪ್ತಭಾಷೆಯೇ ಎಂದು ನಿಘಂಟುಕಾರರು ಊಹಿಸುತ್ತಾರೆ. (ಆ ಕುಚೋದ್ಯ ಮೆಚ್ಚತಕ್ಕದ್ದೇ.) ಸಂಬಳಕ್ಕೆ ಸಂಬಂಧಿಸಿದ ಡಾಕ್ ಮೊದಲು ಪ್ರಾಣಿಯ ಬಾಲದ ಮಾಂಸಲ ಭಾಗವನ್ನು ಸೂಚಿಸುತ್ತಿತ್ತು, ಕುದುರೆ, ನಾಯಿಗಳ ಬಾಲವನ್ನು ಮೊಟಕುಗೊಳಿಸುವ ಕ್ರಿಯೆಗೂ ಅದೇ ಪದ ಸಂದು, ಕಾಲಾನಂತರ ಕೂಲಿಯನ್ನು ಕತ್ತರಿಸುವುದಕ್ಕೂ ಅನ್ವಯವಾಯಿತು.

ಮುಂಬಯಿಯ ಅಂಚೆ ಕಚೇರಿಗಳ ಫಲಕದಲ್ಲಿ ಕಾಣುವ ‘ಡಾಕ್’ ಇವ್ಯಾವುದಕ್ಕೂ ನೆಂಟನಲ್ಲ. ಅದು ನಮ್ಮ ದೇಶದ್ದೇ ಪದ. ‘ಡಾಕ್ ಬಂಗಲೆ’ಯ (ಅಂಚೆ ಹಾದಿಯ ತಂಗುಮನೆಯ) ಮೂಲಕ ಇಂಗ್ಲಿಷ್ ನಿಘಂಟನ್ನೂ ಸೇರಿದೆ, ಆದರೆ ಅಲ್ಲಿ ಅದರ ಕಾಗುಣಿತ ಬೇರೆ.